ಯೂಸುಫ್ ಸಾಬರ ಚಿಟಿಕೆ

ಹೂವಿನಹಡಗಲಿಗೆ ದಿನಾಲೂ ಎರಡು ಬೆಳಗು. ಸೂರ್ಯ ಹುಟ್ಟಿ ಆಗುವ ಬೆಳಗು ಎಲ್ಲ ಊರಿಗೂ ಇದ್ದದ್ದೇ. ಇನ್ನೊಂದು ಅದಕ್ಕೂ ಮೊದಲು, ಮಲ್ಲಿಗೆ ಬುಟ್ಟಿಗಳು ಬಸ್ ಸ್ಟ್ಯಾಂಡಿಗೆ ಬಂದಾಗ ಆಗುವುದು. ಆ ಹೊತ್ತಿನಲ್ಲಿ ಹೂವು ಕಣ್ಣಿಗೆ ಬೀಳುವುದಿಲ್ಲ. ಒದ್ದೆ ಬಟ್ಟೆ ಹೊದ್ದ ಬುಟ್ಟಿಗಳು ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ ಬಸ್ಸುಗಳ ನೆತ್ತಿಗೆ ಏರುತ್ತಿರುತ್ತವೆ, ಕೆಳಗೆ ನಿಂತವರ ಮೈಮೇಲೆ ತಣ್ಣನೆಯ ವಾಸನೆ ಸುರಿಯುತ್ತಿರುತ್ತದೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ನಿದ್ದೆಯಿಂದ ಪೂರ್ತಿ ಹೊರಗೆ ಬಾರದವರು, ಮರಳಿ ಒಳಗೆ ಹೋಗಲೂ ಆಗದವರು ಅಲ್ಲಿ ನಿಂತಿರುತ್ತಾರೆ. ಮುಬಶ್ಶಿರಳ ಕಾಫಿ ಅಂಗಡಿ ನಡೆಯುತ್ತಿದ್ದದ್ದು ಇಂಥವರಿಂದ.

ಅಂಗಡಿ ಎಂದರೆ ದೊಡ್ಡ ಮಾತಾಯಿತು. ಬಸ್ ಸ್ಟ್ಯಾಂಡಿನ ಎದುರಿಗೆ ಅವಳ ತಂದೆ ಯೂಸುಫ್ ಸಾಬರ ಹಿಟ್ಟಿನ ಗಿರಣಿ ಇತ್ತು. ಅದರ ಮುಂದಿನ ಪಡಸಾಲೆಯೇ ಇವಳ ಅಂಗಡಿ. ಒಳಗೆ ಜೋಳ ಬೀಸುತ್ತಿತ್ತು, ಹೊರಗೆ ಕಾಫಿ ಇಳಿಯುತ್ತಿತ್ತು. ಗಿರಣಿಯಲ್ಲಿ ಬೆಳೆದವರ ರೆಪ್ಪೆಗೂದಲು ಯಾವಾಗಲೂ ಒಂಚೂರು ಬೆಳ್ಳಗಿರುತ್ತದೆ, ಇವಳದೂ ಹಾಗೇ. ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ಅದರಲ್ಲಿ ತೇಲುವ ಹಿಟ್ಟಿನ ಧೂಳನ್ನು ನೋಡುತ್ತ ನಿಂತುಬಿಡುವುದು ಅವಳ ಚಿಕ್ಕಂದಿನ ಚಾಳಿ. ಮದುವೆಯಾದ ಮೇಲೂ ಅದು ಬಿಟ್ಟಿರಲಿಲ್ಲ. ಗಂಡ ಅಸ್ಲಂ ಪಕ್ಕದ ಶೆಡ್ಡಿನಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ. ಹೆಂಡತಿ ಹಾಗೆ ನಿಂತದ್ದು ಕಂಡರೆ ಕರೆಯದೆ, ಹಾಲಿನ ಉರಿ ತಾನೇ ತಗ್ಗಿಸಿ ಹೋಗುತ್ತಿದ್ದ. ಗಿರಣಿ ಸಾಬರ ಮಗಳು ಕಾಫಿ ಅಂಗಡಿ ಹಾಕಿದ್ದಾಳೆ ಎಂದು ಊರು ಮೊದಮೊದಲು ಮೂಗು ಮುರಿಯಿತು. ಆಮೇಲೆ ಅದೇ ಮೂಗು ಕಾಫಿಯ ವಾಸನೆ ಹಿಡಿದು ಬಂತು. ನಮ್ಮ ಊರುಗಳ ಬಗ್ಗೆ ಹೆಚ್ಚಿಗೆ ಹೇಳುವುದೇನೂ ಇಲ್ಲ.

ಹೊಸಪೇಟೆಯ ಒಂದು ಹಳೇ ಹೋಟೆಲು ಮುಚ್ಚಿದಾಗ ಅಸ್ಲಂ ಅಲ್ಲಿಂದ ಎಸ್ಪ್ರೆಸೊ ಮೆಷೀನೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ಮದುವೆ ಮನೆಗಳಲ್ಲಿ ಬುಸ್ ಎಂದು ಹಬೆ ಬಿಟ್ಟು, ಹಾಲಿನ ನೊರೆಯ ಮೇಲೆ ಕಂದು ಪುಡಿ ಉದುರಿಸಿ ಕೊಡುತ್ತಾರಲ್ಲ, ಊರು ಅದನ್ನೇ ಎಸ್ಪ್ರೆಸೊ ಎಂದು ನಂಬಿತ್ತು. ಇದು ಬೇರೆ. ಗ್ಯಾಸಿನ ಉರಿಯಿಂದ ನೀರು ಕಾಯುತ್ತದೆ, ಆದ್ದರಿಂದ ಕರೆಂಟು ಹೋದರೂ ಚಿಂತೆಯಿಲ್ಲ. ಜರಡಿಯಂಥ ಪುಟ್ಟ ಬಟ್ಟಲಿಗೆ ಪುಡಿ ತುಂಬಿ, ಒತ್ತಿ, ಮೆಷೀನಿಗೆ ಸಿಗಿಸಿ, ಉದ್ದನೆಯ ಹಿಡಿಕೆಯನ್ನು ಕೆಳಗೆಳೆದು ಬಿಟ್ಟರೆ ಒಳಗಿನ ಸ್ಪ್ರಿಂಗು ಬಿಸಿನೀರನ್ನು ಪುಡಿಯೊಳಗಿಂದ ಹಿಂಡುತ್ತದೆ. ಕೆಳಗೆ ಎರಡು ಮೂತಿಗಳಿಂದ ಕಾಫಿ ಇಳಿಯುತ್ತದೆ. ಅದು ಸರಿಯಾಗಿ ಇಳಿಯುವುದನ್ನು ನೋಡುವುದೇ ಮುಬಶ್ಶಿರಳಿಗೆ ಒಂದು ಸುಖ. ಮೊದಲು ಏನೂ ಬರುವುದಿಲ್ಲ. ಆಮೇಲೆ ಯೋಚಿಸಿ ಯೋಚಿಸಿ ಎರಡು ಹನಿ. ಆಮೇಲೆ ಎಳೆ ಕಡಿಯದ ಹಾಗೆ, ಬೆಲ್ಲದ ಪಾಕದ ಹಾಗೆ, ಎರಡು ಸಣ್ಣ ಧಾರೆ.

ಆದರೆ ಡಬ್ಬಿಯ ಪುಡಿಯಿಂದ ಹಾಗೆ ಇಳಿಯುವುದು ಅಪರೂಪಕ್ಕೊಮ್ಮೆ. ಪುಡಿ ಹಳತಾಗಿರುತ್ತಿತ್ತು, ಒಂದು ಸಲ ಸಣ್ಣದು, ಒಂದು ಸಲ ದಪ್ಪ. ಗಿರಣಿಯವರ ಮನೆಗೆ ಬೀಸಿದ ಪುಡಿ ಹೊರಗಿನಿಂದ ಬರುವುದು ಎಂದರೇನು ಎಂದು ಯೂಸುಫ್ ಸಾಬರೂ ಮುಖ ಸಿಂಡರಿಸುತ್ತಿದ್ದರು. ಕೊನೆಗೆ ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲದಲ್ಲಿ ಬೆಂಗಳೂರಿನಿಂದ ಹೊಸ ಗ್ರೈಂಡರು ಬಂತು. ಹೊಟ್ಟೆಯೊಳಗೆ ಹಲ್ಲು ಕೊರೆದ ಎರಡು ಉಕ್ಕಿನ ಬಳೆಗಳು, ಒಂದರ ಮೇಲೊಂದು ಮಲಗಿದ್ದವು. ಯೂಸುಫ್ ಸಾಬರು ಅವನ್ನು ಮೊಮ್ಮಗುವಿನ ತಲೆಯಂತೆ ಸವರಿ, ಇವೂ ಕಲ್ಲೇ ಎಂದು ತೀರ್ಮಾನ ಕೊಟ್ಟರು. ಅಂದಿನಿಂದ ಗ್ರೈಂಡರಿನ ಯಜಮಾನಿಕೆ ಅವರದೇ ಆಯಿತು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

ಯೂಸುಫ್ ಸಾಬರಿಗೆ ಈ ಸೀಮೆಯಲ್ಲಿದ್ದ ಮರ್ಯಾದೆಯೆಲ್ಲ ಅವರ ಬಲಗೈಯ ಎರಡು ಬೆರಳುಗಳದು. ಗಿರಣಿಯ ಬಾಯಿಂದ ಬೀಳುವ ಹಿಟ್ಟನ್ನು ಒಂದು ಚಿಟಿಕೆ ಹಿಡಿಯುವರು, ಕಣ್ಣು ಮುಚ್ಚಿ ತಿಕ್ಕುವರು, ಇದು ರೊಟ್ಟಿಗಾಯಿತು, ಇದು ಮುದ್ದೆಗಾಯಿತು, ಇದು ಬಾಣಂತಿಯ ಗಂಜಿಗೆ ಇನ್ನೂ ಸಾಲದು ಎನ್ನುವರು. ಹಂಪಸಾಗರದಿಂದ ಮಾಗಳದವರೆಗೆ ಯಾವ ಗಿರಣಿಯಲ್ಲಿ ಸವೆದ ಕಲ್ಲನ್ನು ಹೊಸದಾಗಿ ಕುಟ್ಟಿಸಿದರೂ, ಕಲ್ಲುಗಳ ನಡುವಿನ ಸಂದು ಸರಿಮಾಡಲು ಅವರ ಚಿಟಿಕೆ ಬೇಕು. ಮನೆಯಲ್ಲಿ ಅವರ ಮಾತು ಉರ್ದು. ಆದರೆ ಹಿಟ್ಟಿನ ವಿಷಯ ಬಂದರೆ ಕನ್ನಡವೇ. ಜೋಳದ ಹಿಟ್ಟಿಗೆ ಬೇಕಾದ ಮಾತು ಉರ್ದುವಿನಲ್ಲಿ ಹುಟ್ಟೇ ಇಲ್ಲ ಎನ್ನುತ್ತಿದ್ದರು. ಹೆಂಡತಿ ಜೈನಾಬ್ ಬೀ ತೀರಿಕೊಂಡ ಮೇಲೆ ಆ ಎರಡು ಬೆರಳುಗಳೇ ಅವರನ್ನು ದಿನಾ ಬೆಳಿಗ್ಗೆ ಎಬ್ಬಿಸಿ ಗಿರಣಿಗೆ ಕರೆದುಕೊಂಡು ಬರುತ್ತಿದ್ದವು.

ಇತ್ತೀಚೆಗೆ ಎರಡು ವರ್ಷಗಳಿಂದ ಮಾತ್ರ ಅವರಿಗೆ ಜೋಳದ ಮೇಲೇ ಸಿಟ್ಟು. ಜೋಳ ಮೂಗನಾಗಿದೆ ಎನ್ನುವರು. ಬೀಜ ಕೆಟ್ಟಿತು, ಗೊಬ್ಬರ ಕೆಟ್ಟಿತು, ಹಿಟ್ಟು ಬೆರಳಿಗೆ ಏನೂ ಹೇಳುವುದೇ ಇಲ್ಲ ಎನ್ನುವರು. ಮಲ್ಲಿಗೆಯ ಎಸಳು ಕೂಡ ಈಗ ಕಾಗದದಂತಾಗಿದೆಯಂತೆ, ಹೊಸ ಲುಂಗಿಯ ನೇಯ್ಗೆಯೂ ಗೊತ್ತಾಗುವುದಿಲ್ಲವಂತೆ. ಲೋಕವೆಲ್ಲ ಸವೆದು ನುಣ್ಣಗಾಗಿದೆ ಎಂದು ಅವರು ನಿಜವಾದ ದುಃಖದಿಂದ ಹೇಳುತ್ತಿದ್ದರು. ವಯಸ್ಸಾದವರ ಮಾತು ಎಂದು ಮನೆಯವರು ನಕ್ಕು ಸುಮ್ಮನಾಗುತ್ತಿದ್ದರು. ಮುಬಶ್ಶಿರಳೂ ನಕ್ಕಿದ್ದಳು.

ಗ್ರೈಂಡರಿನ ಮೊದಲ ದಿನ ಶಾಸ್ತ್ರದಿಂದಲೇ ಶುರುವಾಯಿತು. ಹೊಸ ಕಲ್ಲಿಗೆ ಮೊದಲು ಒಂದು ಹಿಡಿ ಜೋಳ ಹಾಕಿ ಬೀಸಿ, ಆ ಹಿಟ್ಟನ್ನು ಯಾರೂ ತಿನ್ನದೆ ಇರುವೆ ಗೂಡಿನ ಬಾಯಿಗೆ ಉದುರಿಸುವುದು ಇಲ್ಲಿಯ ಗಿರಣಿಗಳ ಪದ್ಧತಿ. ಕಲ್ಲಿನ ಚೂರೆಲ್ಲ ಆ ಹಿಡಿಯೊಂದಿಗೆ ಹೋಗುತ್ತದೆ. ಇರುವೆಗಳೋ ಚೂರು ಬಿಟ್ಟು ಹಿಟ್ಟನ್ನಷ್ಟೇ ಒಯ್ಯುವ ಜಾಣರು. ಸಾಬರಾಗಲಿ, ಲಿಂಗಾಯತರಾಗಲಿ, ಬೇಡರಾಗಲಿ, ಗಿರಣಿ ಇಟ್ಟವರು ಇದನ್ನು ತಪ್ಪಿಸುವುದಿಲ್ಲ. ಕಾಫಿಬೀಜ ಬಿಟ್ಟು ಬೇರೆ ಏನನ್ನೂ ಹಾಕಬೇಡಿ ಎಂದು ಮೆಷೀನಿನ ಜತೆ ಬಂದ ಕಾಗದದಲ್ಲಿದೆ ಎಂದು ಅಸ್ಲಂ ಮೆಲ್ಲಗೆ ಹೇಳಿ ನೋಡಿದ.

“ಕಾಗದ ಬರದಾವ ಜ್ವಾಳ ನೋಡ್ಯಾನೇನು?” ಎಂದರು ಯೂಸುಫ್ ಸಾಬರು.

ಬಿಸ್ಮಿಲ್ಲಾ ಎಂದು ಒಂದು ಹಿಡಿ ಬಿಳಿಜೋಳ ಸುರಿದರು. ಗ್ರೈಂಡರು ನರಳುತ್ತ ಬೀಸಿತು, ಹಿಟ್ಟು ಇರುವೆಗೆ ಹೋಯಿತು. ಕಾಫಿಗೆ ಜೋಳದ ವಾಸನೆ ಹತ್ತಬಾರದೆಂದು ಅವರೇ ಮೇಲಿನ ಬಳೆ ಕಳಚಿದರು, ಕೆಳಗಿನ ಬಳೆಯನ್ನೂ ಎತ್ತಿದರು, ಒಳಗೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದರು. ಬಳೆ ಕೂರುವ ಜಾಗದ ಸುತ್ತ ಹೆಬ್ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿ, ಸಾಫ್ ಐತಿ ಎಂದರು. ಬಳೆಗಳನ್ನು ಕೂರಿಸಿ ಬಿಗಿದರು. ಸಣ್ಣ ದಪ್ಪ ಮಾಡಲು ಮೆಷೀನಿನ ಮೇಲೆ ಅಂಕಿಗಳಿದ್ದವು, ಅವುಗಳ ಕಡೆ ನೋಡಲೂ ಇಲ್ಲ. ಬೀಜ ಬೀಸಿ, ಚಿಟಿಕೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, ಆಯಿತು ಎಂದರು.

ಆಗಿರಲಿಲ್ಲ. ಮುಬಶ್ಶಿರ ಹಿಡಿಕೆ ಎಳೆದು ಬಿಟ್ಟಳು. ಎಡಗಡೆಯ ಮೂತಿಯಿಂದ ಕಾಫಿ ತಡವರಿಸುತ್ತ ಹನಿಹನಿಯಾಗಿ ಬಂತು, ಬಲಗಡೆಯಿಂದ ತೆಳ್ಳನೆಯ ಹಳದಿ ನೀರು ಹೊಯ್ದುಕೊಂಡು ಬಂತು. ಮುಂದಿನ ಲೋಟಕ್ಕೆ ಅದೇ ತಿರುವುಮುರುವು. ಹೂವಿನ ವ್ಯಾಪಾರಿ ಏಕಾಂತಪ್ಪ, ದಿನಾ ಮೊದಲ ಲೋಟ ಕುಡಿಯುವವನು, ಒಂದು ಗುಟುಕನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ ನುಂಗಿದ.

“ಒಂದ ಲೋಟದಾಗ ಇಬ್ಬರು ಜಗಳಾಡಿದಂಗ ಐತಿ ನೋಡವ್ವ,” ಎಂದ.

ಸರಿಯಾಗಿಯೇ ಹೇಳಿದ್ದ. ನಾಲಗೆಯ ಅಂಚಿಗೆ ಹುಳಿ, ಬುಡಕ್ಕೆ ಸುಟ್ಟ ಕಹಿ, ನಡುವೆ ಏನೂ ಇಲ್ಲ. ಹುಳಿ ಎಂದರೆ ನೀರು ಪುಡಿಯನ್ನು ಮಾತಾಡಿಸದೆ ಓಡಿಬಂದಿದೆ ಎಂದು ಅರ್ಥ. ಕಹಿ ಎಂದರೆ ಒಂದೇ ಜಾಗದಲ್ಲಿ ಕೂತು ಅತಿಯಾಗಿ ಕೆದಕಿದೆ. ಎರಡೂ ಒಟ್ಟಿಗೆ ಹೇಗೆ?

ಅಸ್ಲಂ ಮೆಷೀನಿನ ನೆತ್ತಿಯ ಮೇಲೆ ನೀರು ತುಂಬಿದ ತಟ್ಟೆಯಿಟ್ಟು, ಅದು ವಾಲಿದೆಯೇ ನೋಡಿ, ಒಂದು ಕಾಲಿನ ಕೆಳಗೆ ತಗಡು ಸಿಗಿಸಿದ. ರಬ್ಬರಿನ ವಾಷರು ಬದಲಾಯಿಸಿದ. ಮುಬಶ್ಶಿರ ಪುಡಿಯನ್ನು ಗಟ್ಟಿಯಾಗಿ ಒತ್ತಿ ನೋಡಿದಳು, ಮೆಲ್ಲಗೆ ಒತ್ತಿ ನೋಡಿದಳು, ಬೆರಳಿನಿಂದ ಸಮ ಮಾಡಿ ನೋಡಿದಳು. ನಲ್ಲಿಗೆ ಬರುವ ತುಂಗಭದ್ರೆಯ ನೀರು ಬಿಟ್ಟು ಬೋರಿನ ನೀರು ಹಾಕಿ ನೋಡಿದಳು, ಕಾಫಿಗೆ ಸುಣ್ಣದ ರುಚಿ ಹತ್ತಿದ್ದೊಂದೇ ಲಾಭ. ಪ್ರತಿ ಸಲವೂ ಬಟ್ಟಲು ಕಳಚಿ, ಹಿಂಡಿದ ಪುಡಿಯ ಬಿಲ್ಲೆಯನ್ನು ಬಡಿದು ಬೀಳಿಸಿ ನೋಡುವಳು. ಗಾಣದ ಹಿಂಡಿಯಂಥ ಆ ಬಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಸಣ್ಣ ತೂತು, ನೀರು ಕಳ್ಳದಾರಿ ಕೊರೆದುಕೊಂಡು ಹೋದ ಗುರುತು. ಆ ದಿನಗಳಲ್ಲಿ ಅವಳ ಕನಸಿಗೂ ಅದೇ ಬರುತ್ತಿತ್ತು. ದೊಡ್ಡದೊಂದು ಕಂದು ಹೊಲ, ಅದರಲ್ಲಿ ಅವಳು ನಡೆಯುತ್ತಿದ್ದಾಳೆ, ಎಲ್ಲೋ ಕಾಲ ಕೆಳಗೆ ನೀರು ಓಡುವ ಸದ್ದು. ಎಲ್ಲಿ ಎಂದು ಬಗ್ಗಿ ಕಿವಿಗೊಟ್ಟರೆ ಎಚ್ಚರವಾಗುತ್ತಿತ್ತು.

ಯೂಸುಫ್ ಸಾಬರದು ಒಂದೇ ಮಾತು: ಹೊಸ ಕಲ್ಲು, ಕೂರುವುದಕ್ಕೆ ಹೊತ್ತು ಬೇಕು. ದಿನಾ ಚಿಟಿಕೆ ಹಿಡಿದು ನೋಡಿ, ಪುಡಿ ಸಮವಾಗಿದೆ ಎನ್ನುವರು. ಅಷ್ಟಾದ ಮೇಲೆ ಗ್ರೈಂಡರನ್ನು ಅನುಮಾನಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತು, ಮುಬಶ್ಶಿರ ಸುಮ್ಮನೆ ಕೈಗೆ ಕೆಲಸ ಬೇಕೆಂದು, ಗೋಡೆಗೆ ನೇತುಹಾಕಿದ್ದ ಅಮ್ಮನ ಸಣ್ಣ ಜರಡಿ ತೆಗೆದು ಕಾಫಿಪುಡಿಯನ್ನು ಅದರಲ್ಲಿ ಆಡಿಸಿದಳು. ಬಿಸಿಲಿನ ಕೋಲು ಹಿಟ್ಟಿನ ಧೂಳಿನ ನಡುವೆ ನಿಂತಿತ್ತು. ಅದರೊಳಕ್ಕೆ ಕಾಫಿಯ ಧೂಳೂ ಸೇರಿ, ಬಿಳಿಯೊಳಗೆ ಕಂದು ಸುಳಿಯಾಗಿ ಸುತ್ತುತ್ತ ಮೇಲೇರಿತು. ಅವಳು ಅದನ್ನೇ ನೋಡುತ್ತ ಬಹಳ ಹೊತ್ತು ಆಡಿಸಿದಳು. ಕೆಳಗೆ ನೋಡಿದಾಗ ತಟ್ಟೆಯಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾದಂಥ ನುಣ್ಣನೆಯ ಪುಡಿ. ಜರಡಿಯ ಮೇಲೆ ರವೆಯಂಥ ಕಾಳು. ಅರ್ಧಕ್ಕರ್ಧ.

ಗಿರಣಿಯ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಲ್ಲು ವಾಲಿದರೆ ಹೀಗಾಗುತ್ತದೆ. ಒಂದು ಅಂಚು ಕಚ್ಚುತ್ತದೆ, ಇನ್ನೊಂದು ಅಂಚು ಬಾಯಿ ತೆರೆದಿರುತ್ತದೆ. ಅಲ್ಲಿ ಧೂಳು, ಇಲ್ಲಿ ನುಚ್ಚು. ನುಚ್ಚಿದ್ದ ಕಡೆ ನೀರು ನುಗ್ಗುತ್ತದೆ, ಧೂಳಿದ್ದ ಕಡೆ ಕಟ್ಟಿಕೊಳ್ಳುತ್ತದೆ. ಇಷ್ಟೇ ವಿಷಯ. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಂಥ ಪುಡಿಯನ್ನು ಅಬ್ಬಾ ದಿನಾಲೂ ಚಿಟಿಕೆ ಹಿಡಿದು ಸಮವಾಗಿದೆ ಎಂದಿದ್ದಾರೆ. ಬೀಸಲು ತಂದ ಜೋಳದಲ್ಲಿ ಒಂದು ಸಣ್ಣ ಹರಳು ಬಿದ್ದಿದ್ದರೂ ಹಿಟ್ಟಿನಲ್ಲಿ ಕಂಡುಹಿಡಿಯುತ್ತಿದ್ದ ಅಬ್ಬಾ.

ಅವಳು ಪುಡಿಯನ್ನು ಮತ್ತೆ ಕಲಸಿ ಡಬ್ಬಿಗೆ ಹಾಕಿದಳು. ಏನೂ ನೋಡಿಲ್ಲ ಎಂದುಕೊಂಡಳು. ಅಬ್ಬಾನಿಂದ ಆ ಚಿಟಿಕೆ ತೆಗೆದರೆ ಉಳಿಯುವುದೇನು ಎಂದು ಯೋಚಿಸಲು ಹೋಗಿ ನಿಲ್ಲಿಸಿದಳು. ಮರೆತುಬಿಡುವುದು ಅವಳಿಗೆ ಸುಲಭ. ಅರ್ಧ ಆಯುಷ್ಯ ಬಿಸಿಲಿನ ಕೋಲು ನೋಡಿ ಕಳೆದವಳು. ಆದರೆ ಮರುದಿನದ ಮೊದಲನೇ ಬೆಳಗು ಮರೆಯಲು ಬಿಡಲಿಲ್ಲ.

ಅವಳು ಆಗಷ್ಟೇ ಮೆಷೀನಿನಿಂದ ಬಟ್ಟಲು ಕಳಚಿ ಕಟ್ಟೆಯ ಮೇಲಿಟ್ಟಿದ್ದಳು. ಹಬೆ ಇನ್ನೂ ಏಳುತ್ತಿತ್ತು. ಯೂಸುಫ್ ಸಾಬರು ಬಂದು, ಇವತ್ತು ಹೇಗಿದೆ ನೋಡೋಣ ಎಂದು, ಮರದ ಹಿಡಿ ಬಿಟ್ಟು ಕಾದ ಲೋಹವನ್ನೇ ಅಂಗೈಯಲ್ಲಿ ಎತ್ತಿಕೊಂಡರು. ಕುದಿಯುವ ಬಿಲ್ಲೆಯೊಳಗೆ ಹೆಬ್ಬೆರಳು ಒತ್ತಿದರು. ಒತ್ತಿಕೊಂಡೇ ಏಕಾಂತಪ್ಪನನ್ನು ಈ ಸಲ ಮೊಗ್ಗಿಗೆ ಮಂಜು ಹೊಡೆಯಿತೇ ಎಂದು ಕೇಳಿದರು. ಏಕಾಂತಪ್ಪ ಉತ್ತರ ಕೊಡುತ್ತಿದ್ದ, ಇವರು ತಲೆದೂಗುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆಬ್ಬೆರಳಿನ ಚರ್ಮ ಬೆಳ್ಳಗಾಗುವುದನ್ನು ಮುಬಶ್ಶಿರ ಕನಸಿನಲ್ಲಿ ಕಂಡಂತೆ ಕಂಡಳು. ಓಡಬೇಕು, ಓಡಲಾಗುತ್ತಿಲ್ಲ. ಆಮೇಲೆ ಒಮ್ಮೆಲೇ ಅವರ ಕೈ ಹಿಡಿದೆಳೆದು ತಣ್ಣೀರಿನ ಕೊಡದೊಳಗೆ ಅದ್ದಿದಳು.

ಏನಾಯಿತು ಎಂದು ಅವರು ಬೆರಗಾಗಿ ಕೇಳಿದರು. ಬೊಬ್ಬೆಯೇಳುತ್ತಿದ್ದ ಬೆರಳು ನೋಡಿ, ಗಿರಣಿಯವನ ಕೈ, ಇದಕ್ಕೆಲ್ಲ ಏನಾಗುತ್ತದೆ ಎಂದು ನಕ್ಕರು. ಸಕ್ಕರೆ ಕಾಯಿಲೆಗೆ ಅವರು ಗುಳಿಗೆ ತಿನ್ನುವುದು, ಕಾಲು ಜೋಮು ಹಿಡಿದಿದೆ ಎನ್ನುವುದು ಮನೆಗೆಲ್ಲ ಗೊತ್ತಿತ್ತು. ಕಾಲಿನ ಜೋಮು ಕೈಗೂ ಏರಿದ್ದು ಯಾರಿಗೂ ಗೊತ್ತಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನದ ನಮಾಜಿಗೆ ಅವರು ಮಸೀದಿಗೆ ಹೋದಾಗ ಮುಬಶ್ಶಿರ ಗ್ರೈಂಡರು ಬಿಚ್ಚಿದಳು. ಕೆಳಗಿನ ಬಳೆ ಎತ್ತಿದಳು. ಅಲ್ಲಿತ್ತು. ಬಳೆ ಕೂರುವ ಜಾಗದ ಒಂದು ಮಗ್ಗುಲಿಗೆ ಉಗುರಿನಷ್ಟು ದಪ್ಪದ ಬೂದು ಪಕಳೆ. ಅದೇ ಮೊದಲ ಹಿಡಿಯ ಜೋಳದ ಹಿಟ್ಟು, ಒದ್ದೆ ಬಟ್ಟೆಗೆ ಅಂಟಾಗಿ, ಒಣಗಿ, ಗೋಡೆಗೆ ಹಚ್ಚಿದ ಪೋಸ್ಟರಿನ ಹಿಂದಿನ ಅಂಟಿನಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆಯೇ ಆ ಹೆಬ್ಬೆರಳು ಒಂದು ಸುತ್ತು ಹೋಗಿ ಸಾಫ್ ಐತಿ ಎಂದಿತ್ತು. ಅವಳು ಹೇರ್‌ಪಿನ್ನಿನಿಂದ ಕೆರೆದು ತೆಗೆದಳು. ಕೆರೆಯುವಾಗ ಅಳು ಬಂತು, ಅತ್ತಳು. ಒಣಬಟ್ಟೆಯಿಂದ ಒರೆಸಿ ಬಳೆಗಳನ್ನು ಮರಳಿ ಕೂರಿಸಿದಳು.

ಆಮೇಲೆ ಹೊಸದಾಗಿ ಬೀಜ ಬೀಸಿ, ಬಟ್ಟಲಿಗೆ ತುಂಬಿ ಒತ್ತಿ, ಹಿಡಿಕೆ ಎಳೆದು ಬಿಟ್ಟಳು. ಮೊದಲು ಏನೂ ಬರಲಿಲ್ಲ. ಹೊರಗೆ ಯಾವುದೋ ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿತ್ತು. ಎರಡು ಮೂತಿಗಳಲ್ಲೂ ಒಟ್ಟಿಗೇ ಒಂದೊಂದು ಹನಿ ಕಾಣಿಸಿಕೊಂಡು, ತುಂಬಿ, ಬಿದ್ದವು. ಆಮೇಲೆ ಎರಡೂ ಧಾರೆ ಅಕ್ಕತಂಗಿಯರಂತೆ ಇಳಿದವು. ಕಂದು, ಆಮೇಲೆ ಕೆಂಪುಗಂದು, ಆಮೇಲೆ ಜೇನಿನ ಬಣ್ಣ. ಒಳಗೆ ಗಿರಣಿಯ ಪಟ್ಟಿ ಟಪಟಪ ಎನ್ನುತ್ತಿತ್ತು, ಆ ತಾಳಕ್ಕೇ ಲೋಟ ತುಂಬುತ್ತಿತ್ತು. ಹಾಲು ಹಾಕದೆ ಹಾಗೇ ಕುಡಿದಳು. ಜಗಳವಿರಲಿಲ್ಲ. ಇಷ್ಟು ಒಳ್ಳೆಯ ಕಾಫಿಯನ್ನು ಇಷ್ಟು ಸಂಕಟದಿಂದ ಯಾರೂ ಕುಡಿದಿರಲಾರರು.

ಮಸೀದಿಯಿಂದ ಬಂದ ಯೂಸುಫ್ ಸಾಬರಿಗೂ ಒಂದು ಲೋಟ ಕೊಟ್ಟಳು. ನಾಲಗೆ ಅವರದು ಇನ್ನೂ ಚೂಪು. ಒಂದು ಗುಟುಕಿಗೇ ಮುಖ ಅರಳಿತು. ಕಲ್ಲು ಕೂತಿತು, ನಾನು ಹೇಳಿರಲಿಲ್ಲವೇ ಎಂದರು. ಹೂಂ ಅಬ್ಬಾ ಎಂದಳು. ಆ ಹೂಂ ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅದು ನಿಜವೆಂದು ಅವಳಿಗೇ ಅನಿಸಿತು. ಊರು ಹೊಗಳಿತು, ಏಕಾಂತಪ್ಪ ಎರಡನೇ ಲೋಟ ಕೇಳಿದ, ಯೂಸುಫ್ ಸಾಬರ ಬೆನ್ನು ನೆಟ್ಟಗಾಯಿತು. ಸುಳ್ಳು ಹಾಗೇ ಮಲ್ಲಿಗೆಯ ವಾಸನೆಯಂತೆ ಪಡಸಾಲೆಯಲ್ಲಿ ತುಂಬಿಕೊಂಡು ಕೆಲವು ದಿನ ಸುಖವಾಗಿ ಇತ್ತು. ಮಾವ ಗ್ರೈಂಡರಿಗೆ ಕೈ ಹಾಕದಿರಲೆಂದು, ದಿನಾ ಅವರು ಬರುವ ಮೊದಲೇ ಪುಡಿ ಬೀಸಿಡುವುದು ಅಸ್ಲಮನ ಪಾಲಿಗೆ ಬಂತು. ಅವನಿಗೆ ಅವಳು ಹೇಳಿದ್ದಳು. ಅವನು, ಹೇಳಬೇಕಾದರೆ ನೀನೇ ಹೇಳಬೇಕು, ಹೇಳದಿದ್ದರೂ ನಾನು ನಿನ್ನ ಕಡೆಗೇ ಎಂದಿದ್ದ.

ಆಗ ಮಾಗಳದ ಗುರುಸಂಗಪ್ಪ ಬಂದ. ನದಿದಂಡೆಯ ಅವನ ಗಿರಣಿ ಈ ಸೀಮೆಗೆಲ್ಲ ದೊಡ್ಡದು. ಪಡಸಾಲೆಯಲ್ಲಿ ಕೂತು ಕಾಫಿ ಕುಡಿದು, ಇದರ ಬೀಸುವಿಕೆ ಯಾರದೆಂದು ಕೇಳಿ, ಯಾರದೆಂದು ತಿಳಿದು, ತನ್ನ ಕಲ್ಲು ಕುಟ್ಟಿಸಿದ್ದೇನೆ, ನಿಮ್ಮ ಚಿಟಿಕೆ ಬೇಕು, ನಾಳೆಯೇ ಬನ್ನಿ ಎಂದ. ಯೂಸುಫ್ ಸಾಬರನ್ನು ಹೀಗೆ ಕರೆದು ಬಹಳ ದಿನವಾಗಿತ್ತು. ಮದುಮಗನಂತೆ ನಾಚಿ ಒಪ್ಪಿಕೊಂಡರು. ಒಗೆದ ಟೋಪಿ ಎಲ್ಲಿದೆ ಎಂದು ಮಗಳನ್ನು ಕೇಳಿದರು.

ಮುಬಶ್ಶಿರಳ ಕಣ್ಣಿಗೆ ಟೋಪಿ ಕಾಣಲಿಲ್ಲ. ಮಾಗಳದ ಗಿರಣಿ ಕಂಡಿತು. ಅಲ್ಲಿ ಹಿಟ್ಟು ಬೀಳುವ ಬಾಯಿ ಕಿರಿದು, ಅದರ ಮೇಲೇ ಕಲ್ಲು ತಿರುಗುತ್ತಿರುತ್ತದೆ. ಸಂದು ನೋಡಬೇಕಾದರೆ ಕಲ್ಲು ಓಡುತ್ತಿರುವಾಗಲೇ ಕೈ ಒಳಗೆ ಹಾಕಿ ಚಿಟಿಕೆ ತೆಗೆಯಬೇಕು. ಕಲ್ಲಿನ ಗಾಳಿ ತಗುಲಿದರೆ ಸಾಕು, ಬೆರಳು ತಾನಾಗಿ ಹಿಂದೆ ಬರುತ್ತದೆ. ಗೊತ್ತಾಗುವ ಬೆರಳು ಬರುತ್ತದೆ. ಗೊತ್ತಾಗದ್ದು ಅಲ್ಲೇ ಇರುತ್ತದೆ. ಹೂಂ ಅಬ್ಬಾ ಎಂದ ತನ್ನ ಬಾಯಿಯೇ ಅವರನ್ನು ಅಲ್ಲಿಗೆ ಕಳಿಸುತ್ತಿದೆ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

ಸಂಜೆಗೆ ಮುಂಚೆ ಕರೆಂಟು ಹೋಯಿತು. ಗಿರಣಿ ನಿಂತಿತು. ದಿನವಿಡೀ ಸದ್ದಿದ್ದ ಜಾಗದಲ್ಲಿ ಸದ್ದು ನಿಂತರೆ ಕಿವಿಯೊಳಗೆ ಏನೋ ಇಳಿದುಹೋದಂತಾಗುತ್ತದೆ. ಬಿಸಿಲಿನ ಕೋಲು ಗೋಡೆಯ ತನಕ ಬಾಗಿತ್ತು. ಅವಳು ಎರಡು ತಟ್ಟೆ ತಂದು ಅಪ್ಪನ ಮುಂದೆ ಇಟ್ಟಳು. ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಏನೋ ಆಟ ಎಂದುಕೊಂಡು ಅವರು ಮುಚ್ಚಿಕೊಂಡರು. ಅವಳು ಅವರ ಕೈ ಹಿಡಿದು, ಬೊಬ್ಬೆ ಒಣಗಿದ ಆ ಹೆಬ್ಬೆರಳಿಗೆ ಮೊದಲು ಒಂದು ತಟ್ಟೆಯಿಂದ, ಆಮೇಲೆ ಇನ್ನೊಂದರಿಂದ ಚಿಟಿಕೆ ಹಿಡಿಸಿದಳು.

ಅವರು ತಿಕ್ಕಿದರು. ಬಹಳ ಹೊತ್ತು ತಿಕ್ಕಿದರು.

“ಎರಡೂ ಒಂದ,” ಎಂದರು. “ಏನೂ ಮಾತಾಡೂದಿಲ್ಲ. ಎಲ್ಲಾ ಜ್ವಾಳ ಈಗ ಹಂಗ ಆಗೈತಿ.”

“ಕಣ್ಣು ತಗೀರಿ ಅಬ್ಬಾ. ಒಂದು ಹಿಟ್ಟು ಐತಿ. ಒಂದು ನುಚ್ಚು.”

ಅವರು ಕಣ್ಣು ತೆರೆದು ನೋಡಿದರು. ಬಿಳಿ ಹಿಟ್ಟು ಒಂದರಲ್ಲಿ. ಇನ್ನೊಂದರಲ್ಲಿ ಹಕ್ಕಿಗೆ ಹಾಕುವಂಥ ದಪ್ಪ ನುಚ್ಚು. ಅವರು ನುಚ್ಚನ್ನು ಮತ್ತೊಮ್ಮೆ ಹಿಡಿದರು, ಈ ಸಲ ಕಣ್ಣಿಟ್ಟು ನೋಡುತ್ತ. ಕಾಳುಗಳು ಬೆರಳ ಸಂದಿನಿಂದ ಉದುರುವುದು ಕಾಣುತ್ತಿತ್ತು. ಮುಬಶ್ಶಿರ ತಡೆಯದೆ ಎಲ್ಲ ಹೇಳಿದಳು. ಜರಡಿ ಆಡಿಸಿದ್ದು, ಕಾದ ಬಟ್ಟಲು ಬೆರಳು ಸುಟ್ಟಿದ್ದು, ಬಳೆಯ ಕೆಳಗಿನ ಪಕಳೆ, ಕಲ್ಲು ತಾನಾಗಿ ಕೂರಲಿಲ್ಲ ಎಂಬುದು, ತಾನು ಹೂಂ ಎಂದದ್ದು. ನಾಳೆ ಮಾಗಳದ ಕಲ್ಲಿಗೆ ಆ ಕೈ ಹಾಕಬೇಡಿ ಎಂದಳು. ಹೇಳಿ ಮುಗಿಸಿ ಮುಖ ನೋಡಲಾರದೆ ನೆಲ ನೋಡಿದಳು. ನಿನ್ನೆಯವರೆಗೆ ಸೀಮೆಗೆಲ್ಲ ದೊಡ್ಡವರಾಗಿದ್ದ ಅಪ್ಪನನ್ನು ತಾನೇ ಕೈಯಾರೆ ಕೆಡವಿದೆ ಎಂದುಕೊಂಡಳು.

ಯೂಸುಫ್ ಸಾಬರು ತಮ್ಮ ಎರಡು ಬೆರಳುಗಳನ್ನು ಮುಖದ ಹತ್ತಿರ ತಂದು, ಯಾರದೋ ಬೆರಳುಗಳನ್ನು ನೋಡುವಂತೆ ನೋಡುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

“ಹಂಗಾದ್ರ ಜ್ವಾಳ ಕೆಟ್ಟಿಲ್ಲ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ತಲೆ ಎತ್ತಿದಳು. ಅವರ ಮುಖದಲ್ಲಿ ಅವಳು ಹೆದರಿದ್ದು ಯಾವುದೂ ಇರಲಿಲ್ಲ.

“ಇಲ್ಲ ಅಬ್ಬಾ.”

“ಮೊದಲಿನಂಗ ಐತಿ?”

“ಮೊದಲಿನಂಗ ಐತಿ.”

ಅವರು ಉಸಿರು ಬಿಟ್ಟರು. ಎರಡು ವರ್ಷದಿಂದ ಒಳಗೆ ಕಟ್ಟಿಕೊಂಡದ್ದು ಆ ಉಸಿರಿನೊಂದಿಗೆ ಹೊರಟಿತು. ನಕ್ಕರು, ನಗುವಿನ ನಡುವೆಯೇ ಕಣ್ಣಲ್ಲಿ ನೀರು ಬಂದು ಹಿಟ್ಟು ಹತ್ತಿದ ಕೆನ್ನೆಯ ಮೇಲೆ ಇಳಿಯಿತು. ತಾನು ಸತ್ತ ಮೇಲೆ ಈ ಊರಿನವರು ಮಣ್ಣಿನಂಥ ರೊಟ್ಟಿ ತಿಂದು ಬದುಕಬೇಕಲ್ಲ ಎಂದು ಎಷ್ಟೋ ರಾತ್ರಿ ಮರುಗಿದ್ದರಂತೆ. ಕೆಟ್ಟಿದ್ದು ಎರಡು ಬೆರಳು ಮಾತ್ರವೇ, ಹೋಗಲಿ ಬಿಡು ಎಂದರು. ಆದರೆ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅವರು ಹಿಟ್ಟಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. ನಾಳೆ ಮಾಗಳಕ್ಕೆ ನೀನೂ ಬರಬೇಕು, ಗುರುಸಂಗಪ್ಪ ಏನು ಬೇಕಾದರೂ ಅಂದುಕೊಳ್ಳಲಿ ಎಂದರು.

“ಹಿಡಿ,” ಎಂದರು. “ಹೆಂಗೈತಿ ಹೇಳು.”

ಅವಳು ಚಿಟಿಕೆ ಹಿಡಿದಳು. ಸಣ್ಣಗಿದೆ ಎಂದಳು. ಅವರು ತಲೆಯಾಡಿಸಿದರು. ಸಣ್ಣಗೆ ಎಂದರೆ ಏನೂ ಹೇಳಿದಂತಲ್ಲ, ಕಣ್ಣು ಮುಚ್ಚು, ಅವಸರ ಮಾಡಬೇಡ ಎಂದರು. ಅವಳು ಕಣ್ಣು ಮುಚ್ಚಿದಳು. ಇಷ್ಟು ವರ್ಷ ಗಿರಣಿಯಲ್ಲಿದ್ದೂ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ, ಅವಳ ಹತ್ತಿರ ಇದಕ್ಕೆ ಮಾತೂ ಇರಲಿಲ್ಲ. ಹೊರಗೆ ಯಾರೋ ಬಸ್ಸಿಗೆ ಕೂಗುತ್ತಿದ್ದರು. ಅದು ದೂರವಾಯಿತು.

“ಮೊದಲು ಮೆತ್ತಗ ಅನಸ್ತೈತಿ,” ಎಂದಳು. “ಆಮ್ಯಾಲ ತಳದಾಗ ಒಂಚೂರು ಉರುಟು ಸಿಗತೈತಿ. ಸಿಕ್ಕು, ಓಡಿಹೋಗತೈತಿ.”

ಅವಳು ಕಣ್ಣು ತೆರೆದಳು. ಯೂಸುಫ್ ಸಾಬರು ಕಣ್ಣು ಮುಚ್ಚಿ ಕೂತಿದ್ದರು. ಮಡಿಲಲ್ಲಿ ಅವರ ಹೆಬ್ಬೆರಳು ತೋರುಬೆರಳು ಬರಿದೇ ಒಂದಕ್ಕೊಂದು ತಿಕ್ಕಾಡುತ್ತಿದ್ದವು.

“ಅದಾ ನೋಡು,” ಎಂದರು ಅವರು. “ಅದಾ. ಇನ್ನೊಂದು ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು.